ಆಟಗಾರರ ‘ಟ್ರೇಡ್’ಗೆ ಕನ್ನಡದಲ್ಲಿ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ತಂಡಗಳು ತಮ್ಮ ಆಟಗಾರರನ್ನು ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ‘ಟ್ರೇಡ್’ ಅನ್ನುತ್ತಾರಲ್ಲ, ಆ ಒಂದು ಪದದ ಹಿಂದೆ ಬಿದ್ದು ಎರಡು ವಾರ ಆಯಿತು. ನನ್ನೊಬ್ಬನ ಕೈಲಿ ಆಗುತ್ತಿಲ್ಲ, ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ನಾನಿರುವುದು ಡಲ್ಲಾಸ್ ಪಕ್ಕದ ಪ್ಲೇನೊದಲ್ಲಿ. ಇಲ್ಲಿನ ಕನ್ನಡ ಸಂಘದ ಸಂಚಿಕೆಗೆ ನಮ್ಮೂರ ಬ್ಯಾಸ್ಕೆಟ್‌ಬಾಲ್ ತಂಡ ಮ್ಯಾವ್ರಿಕ್ಸ್ ಬಗ್ಗೆ ನಾಲ್ಕು ಪುಟ ಬರೆಯಲು ಒಪ್ಪಿಕೊಂಡೆ. ಶುರು ಮಾಡಿದ್ದು 2018ರ ಜೂನ್ 21ರ ರಾತ್ರಿಯಿಂದ. ಅವತ್ತು ಬ್ರೂಕ್ಲಿನ್‌ನಲ್ಲಿ ಎನ್‌ಬಿಎ ಡ್ರಾಫ್ಟ್, ಅಂದರೆ ಇಲ್ಲಿನ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್‌ನ ತಂಡಗಳು ಹೊಸ ಆಟಗಾರರನ್ನು ಒಂದರ ನಂತರ ಒಂದು ಆರಿಸಿಕೊಳ್ಳುವ ದಿನ. ಅಟ್ಲಾಂಟಾ ಹಾಕ್ಸ್ ತಂಡ ಮೂರನೆಯವನಾಗಿ ಲೂಕಾ ದೊನ್ಚಿಚ್‌ನ ಹೆಸರು ಹೇಳಿತು. ಐದನೆಯದು ನಮ್ಮ ಸರದಿ, ನಾವು ಟ್ರೇ ಯಂಗ್‌ನ ಹೆಸರು ಹೇಳಿದೆವು. ಮೊದಲೇ ಆಗಿದ್ದ ಮಾತಿನಂತೆ ಆ ಇಬ್ಬರನ್ನೂ ಆಚೆ ಈಚೆ ಮಾಡಿಕೊಂಡರು. ನಾವು ಅದರ ಮೇಲೆ 2019ರ ಮೊದಲ ಸುತ್ತಿನ ನಮ್ಮ ಪಿಕ್ ಅನ್ನೂ, ಅಂದರೆ ಆರಿಸುವ ಹಕ್ಕನ್ನೂ, ಹಾಕ್ಸ್‌ಗೆ ಕೊಟ್ಟೆವು. ಹತ್ತೊಂಬತ್ತು ವರ್ಷದ ಹುಡುಗ ಹಾಕ್ಸ್ ಟೋಪಿ ಹಾಕಿಕೊಂಡು ಎನ್‌ಬಿಎ ಮುಖ್ಯಸ್ಥ ಆಡಂ ಸಿಲ್ವರ್ ಕೈ ಕುಲುಕುತ್ತಿದ್ದಾನೆ, ನಾನು ಮನೆಯಲ್ಲಿ ‘ಅವನು ನಮ್ಮವನು’ ಅಂತ ಕುಣಿಯುತ್ತಿದ್ದೇನೆ. ಆ ಖುಷಿಯನ್ನು ಕನ್ನಡದಲ್ಲಿ ಬರೆಯಲು ಕೂತಾಗ ಮೊದಲ ಸಾಲಿನಲ್ಲೇ ಮೂರು ಪದ ಅಡ್ಡ ನಿಂತವು. ಡ್ರಾಫ್ಟ್, ಪಿಕ್, ಟ್ರೇಡ್.

ಡ್ರಾಫ್ಟ್ ಅಂದರೆ ಕನ್ನಡದಲ್ಲಿ ಮೊದಲು ನೆನಪಾಗುವುದು ಕರಡು, ಇಲ್ಲದಿದ್ದರೆ ಬ್ಯಾಂಕಿನ ಡಿಡಿ. ಎರಡೂ ಇಲ್ಲಿ ಸಲ್ಲ. ಹರಾಜು ಅನ್ನಲೂ ಆಗಲ್ಲ. ಐಪಿಎಲ್‌ನಲ್ಲಿ ದುಡ್ಡು ಕೂಗಿ ಆಟಗಾರನನ್ನು ತಗೋತಾರೆ, ಅದು ಹರಾಜೇ. ಇಲ್ಲಿ ಕೂಗುವುದು ಹೆಸರನ್ನು ಮಾತ್ರ, ಬೆಲೆಯನ್ನಲ್ಲ. 30 ತಂಡ, ಎರಡು ಸುತ್ತು. ಹಿಂದಿನ ವರ್ಷ ಜಾಸ್ತಿ ಸೋತವರಿಗೆ ಸಾಲಿನಲ್ಲಿ ಮೊದಲಿನ ಜಾಗ. ತೀರಾ ಮೇಲಿನ ಜಾಗಗಳಿಗೆ ಚೀಟಿ ಎತ್ತಿದ ಹಾಗೆ ಲಾಟರಿ. ನಮ್ಮೂರ ಮೈದಾನದಲ್ಲಿ ಇಬ್ಬರು ಕ್ಯಾಪ್ಟನ್‌ಗಳು ನಿಂತು, ಒಬ್ಬೊಬ್ಬರಾಗಿ ‘ನಂಗೆ ಇವನು’, ‘ನಂಗೆ ಅವನು’ ಅಂತ ಆರಿಸಿಕೊಳ್ಳುತ್ತಿದ್ದರಲ್ಲ, ಅದೇ ಇದು. ಅದಕ್ಕೆ ನಾವು ‘ಟೀಮ್ ಹಾಕೋದು’ ಅನ್ನುತ್ತಿದ್ದೆವು. ನಾನು ಸದ್ಯಕ್ಕೆ ‘ಸರದಿ ಆಯ್ಕೆ’ ಅಂತ ಬರೆದಿದ್ದೇನೆ. ಡ್ರಾಫ್ಟ್ ಅಂತಲೇ ಉಳಿಸಿದರೂ ನನಗೆ ಬೇಜಾರಿಲ್ಲ.

ಪಿಕ್ ಸ್ವಲ್ಪ ಕಷ್ಟ ಕೊಟ್ಟಿತು. ಇಂಗ್ಲಿಷಿನಲ್ಲಿ ಆ ಒಂದೇ ಪದ ಮೂರು ಕೆಲಸ ಮಾಡುತ್ತದೆ. ಆರಿಸುವ ಹಕ್ಕೂ ಪಿಕ್, ಎಷ್ಟನೆಯದು ಅನ್ನುವುದೂ ಪಿಕ್, ಆರಿಸಿದ ಹುಡುಗನೂ ಪಿಕ್. ಕನ್ನಡದಲ್ಲಿ ಇವನ್ನು ಬಿಡಿಸಿ ಹೇಳುವುದೇ ಚೆಂದ. ಹುಡುಗ ಇನ್ನೂ ಗೊತ್ತಾಗುವ ಮೊದಲು ಅದು ‘ಸರದಿ’. ನಮ್ಮಮ್ಮ ಹಾಕುತ್ತಿದ್ದ ಚೀಟಿಯಲ್ಲಿ ಇದು ನಡೆಯುತ್ತಿತ್ತು. ಪಕ್ಕದ ಮನೆಯವರಿಗೆ ಮಗಳ ಮದುವೆ ಬಂದಾಗ ‘ಈ ತಿಂಗಳು ನೀವು ಎತ್ಕೊಳ್ಳಿ, ನಿಮ್ಮ ಸರದಿ ನಂಗಿರ್ಲಿ’ ಅಂತ ಅಮ್ಮ ಬಿಟ್ಟುಕೊಟ್ಟಿದ್ದರು. ಮುಂದಿನ ವರ್ಷದ ಪಿಕ್ ಕೊಡುವುದೂ ಅದೇ ತಾನೆ? ಇನ್ನೂ ಬಾರದ ಸರದಿಯನ್ನು ಇವತ್ತಿನ ಅಗತ್ಯಕ್ಕೆ ಕೊಡುವುದು. ಮ್ಯಾವ್ರಿಕ್ಸ್ ಕೊಟ್ಟ ಸರದಿಗೆ ಒಂದು ಷರತ್ತೂ ಇತ್ತು. ಮೊದಲ ಐದರೊಳಗೆ ಬಂದರೆ ನಮ್ಮಲ್ಲೇ ಉಳಿಯುತ್ತದೆ, ಆಮೇಲೆ ಬಂದರೆ ಹಾಕ್ಸ್‌ಗೆ. ಅದು ಹತ್ತನೆಯದಾಗಿ ಬಂತು, ಹಾಕ್ಸ್ ಅದರಲ್ಲಿ ಕ್ಯಾಮ್ ರೆಡಿಷ್‌ನನ್ನು ಆರಿಸಿತು. ಇದನ್ನು ‘ಷರತ್ತಿನ ಸರದಿ’ ಅಂತ ಬರೆದಿದ್ದೇನೆ. ಓದಿದವರಿಗೆ ಸಲೀಸಾಗಿ ಅರ್ಥ ಆಯಿತು.

ಇನ್ನು ಟ್ರೇಡ್. ನಿಜವಾದ ಜಗ್ಗಾಟ ಇದರಲ್ಲೇ.

ವ್ಯಾಪಾರ ಅಂದರೆ ಅಂಗಡಿ ಕಣ್ಣ ಮುಂದೆ ಬರುತ್ತದೆ. ಮಾರಾಟ, ಬಿಕರಿ ಅಂದರೆ ದುಡ್ಡು ಬರಬೇಕು. ಪತ್ರಿಕೆಗಳು ಐಪಿಎಲ್ ಹರಾಜಿಗೆ ‘ಬಿಕರಿಯಾದರು’ ಅಂತ ಬರೆದೂ ಬರೆದೂ ಅದು ನಾಲಿಗೆಗೆ ಅಂಟಿಕೊಂಡಿದೆ. ಎನ್‌ಬಿಎಯಲ್ಲಿ ಹೆಚ್ಚಾಗಿ ಆಳಿಗೆ ಆಳು, ಇಲ್ಲವೇ ಆಳಿಗೆ ಸರದಿ. ವಿನಿಮಯ ಸರಿಯಾದ ಅರ್ಥ ಕೊಡುತ್ತದೆ, ಆದರೆ ಕೈದಿಗಳ ವಿನಿಮಯ, ವಿದೇಶಿ ವಿನಿಮಯ ಅನ್ನುವ ಸರ್ಕಾರಿ ಸಾಲಿನಲ್ಲಿ ಕೂತಿದೆ. ವರ್ಗಾವಣೆ ಫುಟ್‌ಬಾಲ್‌ಗೆ ಸರಿ. ಅದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದನ್ನಷ್ಟೇ ಹೇಳುತ್ತದೆ, ಬದಲಿಗೆ ಏನು ಬಂತು ಅನ್ನುವುದು ಅದರಲ್ಲಿಲ್ಲ.

ಅದಲುಬದಲು ನನಗೆ ತುಂಬಾ ಇಷ್ಟವಾಗಿತ್ತು. ತಲೆಬರಹಕ್ಕೂ ಅದನ್ನೇ ಹಾಕಿದ್ದೆ. ಓದಿದ ಗೆಳೆಯರೊಬ್ಬರು ‘ಯಾರು ಎಡವಟ್ಟು ಮಾಡಿದ್ದು?’ ಅಂತ ಕೇಳಿದರು. ಯೋಚಿಸಿದೆ. ದೇವಸ್ಥಾನದ ಮುಂದೆ ಚಪ್ಪಲಿ ಅದಲುಬದಲಾಗುತ್ತದೆ. ಬಸ್ಸಿನಲ್ಲಿ ಚೀಲ ಅದಲುಬದಲಾಗುತ್ತದೆ. ಗೊತ್ತಿಲ್ಲದೆ ಆದ ತಪ್ಪಿನ ವಾಸನೆ ಆ ಪದಕ್ಕಿದೆ. ‘ಅದಲುಬದಲು ಮಾಡಿಕೊಂಡರು’ ಅಂದರೆ ಸ್ವಲ್ಪ ಸರಿಹೋಗುತ್ತದೆ, ‘ಅದಲುಬದಲು’ ಅಂತಷ್ಟೇ ನಿಲ್ಲಿಸಿದರೆ ಇಲ್ಲ. ನಿಮ್ಮ ಕಡೆಯೂ ಹೀಗೆ ಅನಿಸುತ್ತದೆಯೇ?

ಹೊಸ ದಾರಿ ತೋರಿಸಿದ್ದು ತಿಪಟೂರಿನಲ್ಲಿರುವ ಅಮ್ಮ. 2025ರ ಫೆಬ್ರವರಿ 1ರ ರಾತ್ರಿ ಲೂಕಾನನ್ನು ಲಾಸ್ ಏಂಜಲೀಸ್‌ನ ಲೇಕರ್ಸ್ ತಂಡಕ್ಕೆ ಕಳಿಸಿದ ಸುದ್ದಿ ಬಂತು. ಹಿಂದಿನ ವರ್ಷವಷ್ಟೇ ನಮ್ಮನ್ನು ಫೈನಲ್ಸ್‌ಗೆ ಕರೆದೊಯ್ದ ಹುಡುಗ. ನಿದ್ದೆ ಬರಲಿಲ್ಲ. ಅಲ್ಲಿ ಭಾನುವಾರ ಬೆಳಗ್ಗೆ, ಅಮ್ಮನಿಗೆ ಫೋನ್ ಮಾಡಿದೆ.

‘ಲೂಕಾನ ಕೊಟ್ಟುಬಿಟ್ರಮ್ಮ.’

‘ಎಷ್ಟಕ್ಕೋ?’

‘ದುಡ್ಡಿಗಲ್ಲ. ಆಳಿಗೆ ಆಳು. ಅವರ ಕಡೆಯಿಂದ ಆಂಥನಿ ಡೇವಿಸ್ ಅಂತ ಬರ್ತಾನೆ.’

‘ಹಂಗಾದ್ರೆ ಮುಯ್ಯಾಳು ಅನ್ನು.’

ಮುಯ್ಯಾಳು ಅಂದರೆ, ನಾಟಿ ಕಾಲದಲ್ಲಿ ಇವತ್ತು ನಮ್ಮನೆಯವರು ನಿಮ್ಮ ಗದ್ದೆಗೆ ಬರ್ತಾರೆ, ನಾಳೆ ನಿಮ್ಮವರು ನಮ್ಮ ಗದ್ದೆಗೆ. ಕೂಲಿ ಲೆಕ್ಕ ಇಲ್ಲ. ಆಹಾ, ಆಳಿಗೆ ಆಳು ಅಂದರೆ ಇದೇ ಅಲ್ವಾ ಅನಿಸಿತು. ಒಂದು ದಿನ ಅದೇ ಗುಂಗಿನಲ್ಲಿದ್ದೆ. ಆದರೆ ಮುಯ್ಯಾಳು ಸಂಜೆಗೆ ತನ್ನ ಮನೆಗೇ ವಾಪಸ್ ಬರುತ್ತಾನೆ. ಲೂಕಾ ಬರಲ್ಲ. ಅಮ್ಮನಿಗೆ ಹಾಗೆಂದಾಗ ಅವರು ಒಂದು ಕ್ಷಣ ಸುಮ್ಮನಿದ್ದು, ‘ಹಂಗಾದ್ರೆ ಅದು ಹೆಣ್ಣು ಕೊಟ್ಟು ತಂದಂಗೆ ಕಣೋ’ ಅಂದರು.

ಈ ‘ಕೊಟ್ಟು ತರುವುದು’ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಕೊಟ್ಟವರು ಆ ಮನೆಯವರಾಗುತ್ತಾರೆ, ತಂದವರು ನಮ್ಮವರಾಗುತ್ತಾರೆ. ದುಡ್ಡಿನ ಮಾತಿಲ್ಲ. ಎರಡು ಮನೆಯ ಹಿರಿಯರು ಕೂತು ಆಡಿದ ಮಾತು, ಹೋಗುವವರನ್ನು ಕೇಳಿಯೇ ಮಾಡಿದ್ದು ಅಂತೇನೂ ಅಲ್ಲ. ಅದೂ ಇಲ್ಲಿಗೆ ಹೊಂದುತ್ತದೆ. 2018ರ ಅದೇ ರಾತ್ರಿ ಫಿಲಡೆಲ್ಫಿಯಾ ತಂಡ ಹತ್ತನೆಯವನಾಗಿ ಮಿಕಲ್ ಬ್ರಿಜಸ್‌ನನ್ನು ಆರಿಸಿತು. ಅವನು ಆ ಊರಿನ ಕಡೆಯ ಹುಡುಗ, ಅವನ ತಾಯಿ ಆ ತಂಡದ ಕಂಪನಿಯಲ್ಲೇ ಕೆಲಸದಲ್ಲಿದ್ದರು. ಸ್ವಲ್ಪ ಹೊತ್ತಿಗೇ ಅವನನ್ನು ಫೀನಿಕ್ಸ್ ತಂಡಕ್ಕೆ ಕೊಟ್ಟು, 16ನೆಯವನಾಗಿ ಆಯ್ಕೆಯಾದ ಝೈರ್ ಸ್ಮಿತ್‌ನನ್ನೂ 2021ರ ಒಂದು ಸರದಿಯನ್ನೂ ತಂದರು. ಆಟದ ವರದಿಗಳಲ್ಲಿ ‘ತವರು ತಂಡ’ ಅನ್ನುವುದು ಸವೆದ ಮಾತು. ಇಲ್ಲಿ ಅದಕ್ಕೆ ಜೀವ ಬರುತ್ತದೆ.

ಕ್ರಿಯಾಪದಗಳ ವಿಷಯದಲ್ಲಂತೂ ಕನ್ನಡ ನನಗೆ ಬಹಳ ಖುಷಿ ಕೊಟ್ಟಿತು. ‘ಕೊಟ್ಟರು’ ಅಂದರೆ ಬರೀ ಸುದ್ದಿ. ‘ಕೊಟ್ಟುಬಿಟ್ಟರು’ ಅಂದರೆ ಅಭಿಮಾನಿಯ ಹೊಟ್ಟೆ ಉರಿ. ‘ಬಿಟ್ಟುಕೊಟ್ಟರು’ ಅಂದರೆ ಕೈಯಲ್ಲಿದ್ದದ್ದು ಹೋಯಿತು ಅನ್ನುವ ನೋವು. ‘ಎತ್ತಂಗಡಿ ಮಾಡಿದರು’ ಅಂದರೆ ಹೇಳದೆ ಕೇಳದೆ ಕಳಿಸಿದ್ದು. ಫೆಬ್ರವರಿಯ ಆ ಸುದ್ದಿಗೆ ಇದಕ್ಕಿಂತ ಒಪ್ಪುವ ಪದ ನನಗೆ ಸಿಕ್ಕಿಲ್ಲ. ಅದೇ 2018ರ ರಾತ್ರಿಗೆ ಹೊಂದುವುದು ‘ತರಿಸಿಕೊಂಡರು’. ಕೂಗಿದ್ದು ಹಾಕ್ಸ್, ಪಡೆದದ್ದು ನಾವು. ಬೇರೆಯವರ ಕೈಯಿಂದ ಮಾಡಿಸಿ ತಮಗಾಗಿ ಪಡೆದರು ಅನ್ನುವುದೆಲ್ಲ ಆ ಒಂದೇ ಪದದೊಳಗಿದೆ.

ಇದೇ ಪದವನ್ನು 1998ಕ್ಕೂ ಹಚ್ಚಿ ನೋಡಿದೆ. ಆ ವರ್ಷ ಡಲ್ಲಾಸ್ ಆರನೆಯವನಾಗಿ ರಾಬರ್ಟ್ ಟ್ರೇಲರ್‌ನನ್ನು ಆರಿಸಿತು. ಮಿಲ್ವಾಕಿ ಒಂಬತ್ತನೆಯವನಾಗಿ ಡರ್ಕ್ ನೊವಿಟ್ಸ್ಕಿಯನ್ನು, 19ನೆಯವನಾಗಿ ಪ್ಯಾಟ್ ಗ್ಯಾರಿಟಿಯನ್ನು ಆರಿಸಿತು. ಡಲ್ಲಾಸ್ ಟ್ರೇಲರ್‌ನನ್ನು ಕೊಟ್ಟು ಆ ಇಬ್ಬರನ್ನೂ ತರಿಸಿಕೊಂಡಿತು. ಆಮೇಲೆ ಗ್ಯಾರಿಟಿಯನ್ನೂ ಇನ್ನು ಕೆಲವರನ್ನೂ ಫೀನಿಕ್ಸ್‌ಗೆ ಕೊಟ್ಟು ಸ್ಟೀವ್ ನ್ಯಾಶ್‌ನನ್ನು ತಂದಿತು. ವಾಕ್ಯಗಳು ಎಲ್ಲೂ ಎಡವಲಿಲ್ಲ, ನೋಡಿ. ಡರ್ಕ್ 21 ಸೀಸನ್ ಇಲ್ಲೇ ಆಡಿದ, 2011ರಲ್ಲಿ ಕಪ್ ಗೆದ್ದುಕೊಟ್ಟ. ಲೂಕಾ ಹೋದ ಮಾರನೆಯ ದಿನ ಜನ ಬಂದು ಸೇರಿದ್ದು ಡರ್ಕ್‌ನ ಪ್ರತಿಮೆ ಇರುವ ಕ್ರೀಡಾಂಗಣದ ಹೊರಗೇ.

ಹೀಗೆ ಕ್ರಿಯಾಪದಕ್ಕೆ ತೊಂದರೆ ಇಲ್ಲ. ತೊಂದರೆ ಇರುವುದು ನಾಮಪದಕ್ಕೆ. ‘ಕೊಟ್ಟು ತರುವುದು’ ಅಂತ ತಲೆಬರಹ ಹಾಕಲು ಆಗಲ್ಲ. ‘ಕೊಳುಕೊಡೆ’ ಅಂತ ಹಳೆಯ ಪದ ಇದೆ, ಸಂಬಂಧ ಬೆಳೆಸುವುದಕ್ಕೂ ಅದು ಬಳಕೆಯಲ್ಲಿದೆ. ನನಗೆ ಅದು ಹಿಡಿಸಿದೆ. ಆದರೆ ಇಲ್ಲಿ ಹುಟ್ಟಿ ಬೆಳೆದ ಮಕ್ಕಳೂ ಈ ಸಂಚಿಕೆ ಓದುತ್ತಾರೆ. ಅವರಿಗೆ ‘ಟ್ರೇಡ್’ ಗೊತ್ತು, ‘ಕೊಡು’ ಗೊತ್ತು, ‘ಕೊಳುಕೊಡೆ’ ಗೊತ್ತಿಲ್ಲ. ಹನ್ನೆರಡು ವರ್ಷದ ಮಗಳಿಗೆ ತೋರಿಸಿದೆ. ‘ಕೊಡೆ ಅಂದ್ರೆ ಅಂಬ್ರೆಲಾನಾ ಅಪ್ಪಾ?’ ಅಂದಳು.

ಹಾಗಾಗಿ ನನ್ನ ಪ್ರಶ್ನೆಗಳು. ‘ಕೊಳುಕೊಡೆ’ ನಿಮ್ಮ ಕಡೆ ಈಗಲೂ ಬಾಯಲ್ಲಿದೆಯೇ? ಇದ್ದರೆ ಯಾವ ಮಾತಿನಲ್ಲಿ? ಉತ್ತರ ಕರ್ನಾಟಕದವರು, ಕರಾವಳಿಯವರು ದಯವಿಟ್ಟು ಹೇಳಿ, ನನ್ನ ಕಿವಿ ತಿಪಟೂರಿನದು ಮಾತ್ರ. ದನದ ಜಾತ್ರೆಯಲ್ಲಿ ಎತ್ತಿಗೆ ಎತ್ತು ಕೊಟ್ಟು, ಮೇಲೆ ಒಂದಿಷ್ಟು ದುಡ್ಡು ಸೇರಿಸುವುದಕ್ಕೆ ಬೇರೆ ಹೆಸರಿದೆಯೇ? ಯಂಗ್ ಜೊತೆಗೆ ಕೊಟ್ಟ ಆ ಒಂದು ಸರದಿಗೆ, ಅಂದರೆ ಸಮ ಮಾಡಲು ಮೇಲೆ ಹಾಕಿದ್ದಕ್ಕೆ, ಅಂಥದ್ದೊಂದು ಪದ ಬೇಕಾಗಿದೆ. ಇನ್ನು ಮೂರು ತಂಡ ಸೇರಿ ಮಾಡಿದಾಗ, ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಂದ ತರುವುದಕ್ಕೆ ಏನನ್ನೋಣ?

ಪುಟಗಳನ್ನು ಮುಂದಿನ ಶುಕ್ರವಾರ ಕೊಡಬೇಕು. ಅಷ್ಟರೊಳಗೆ ತೋಚಿದ್ದನ್ನು ಬರೆದರೆ ಉಪಕಾರವಾಗುತ್ತದೆ.