ಶಿರಸಿಯಿಂದ ಬೆಂಗಳೂರಿಗೆ ಡ್ರೈವರ್ ಸಮೇತ ಕಾರು: ಯಾವ ಲೆಕ್ಕದಲ್ಲಿ ಮಾತಾಡಬೇಕು?

ಪ್ರಶ್ನೆ:
ನಮಸ್ಕಾರ. ಅಪ್ಪನಿಗೆ ಬೆಂಗಳೂರಿನಲ್ಲಿ ಮೊಣಕಾಲಿನ ಆಪರೇಷನ್ ಇದೆ. ಅಪ್ಪ, ಆಯಿ (ಅಮ್ಮ) ಇರುವುದು ಶಿರಸಿ ಹತ್ತಿರದ ಹಳ್ಳಿಯಲ್ಲಿ, ನಾನು ಬೆಂಗಳೂರಿನಲ್ಲಿ. ರಾತ್ರಿ ಬಸ್ಸಿನ ಮೆಟ್ಟಿಲು ಹತ್ತಲು ಅಪ್ಪನಿಂದ ಆಗುವುದಿಲ್ಲ. ಹಾಗಾಗಿ ಬಾಡಿಗೆ ಕಾರಿನಲ್ಲಿ ಕರೆಸಿಕೊಂಡು, ಹದಿನೈದು ದಿನ ಬಿಟ್ಟು ವಾಪಸ್ಸು ಕಳಿಸುವ ಯೋಚನೆ. ವಿಚಾರಿಸಿದರೆ ಒಬ್ಬರು ಕಿಲೋಮೀಟರ್ ಲೆಕ್ಕ ಹೇಳುತ್ತಾರೆ, ಇನ್ನೊಬ್ಬರು ದಿನದ ಲೆಕ್ಕ, ಮತ್ತೊಬ್ಬರು 'ಎಲ್ಲಾ ಸೇರಿ ಇಷ್ಟು' ಅನ್ನುತ್ತಾರೆ. ಅಕ್ಕ ಬೇರೆ ಮುಂಬೈಯಿಂದ ಗೋವಾಕ್ಕೆ ವಿಮಾನದಲ್ಲಿ ಬಂದು, ಅಲ್ಲಿಂದ ಕಾರಿನಲ್ಲಿ ಊರಿಗೆ ಬರುತ್ತಾಳಂತೆ. ಮಳೆಗಾಲ ಬೇರೆ. ಹೀಗೆ ಗಾಡಿ ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ಶಿರಸಿ ಪೇಟೆಯಿಂದ:
ಮೊದಲು ಒಂದು ಮಾತು. ನೀವು ಬೆಂಗಳೂರಿನಲ್ಲಿದ್ದೀರಿ ಅಂತ ಅಲ್ಲಿಂದ ಗಾಡಿ ಕಳಿಸಬೇಡಿ. ಮೀಟರ್ ಲೆಕ್ಕ ಶುರುವಾಗುವುದು ಗಾಡಿ ತನ್ನ ಜಾಗ ಬಿಟ್ಟಲ್ಲಿಂದ, ಮುಗಿಯುವುದು ಮತ್ತೆ ಅಲ್ಲೇ ಬಂದು ನಿಂತಾಗ. ಬೆಂಗಳೂರಿನ ಗಾಡಿ ನಿಮ್ಮ ಮನೆ ಅಂಗಳಕ್ಕೆ ಬರುವಷ್ಟರಲ್ಲಿ ಸುಮಾರು 400 ಕಿ.ಮೀ. ಖಾಲಿ ಓಡಿರುತ್ತದೆ. ಅದರ ದುಡ್ಡು ಕೊಡುವುದು ನೀವೇ. ಶಿರಸಿಯ ಗಾಡಿಯನ್ನೇ ಮಾಡಿ, ಅದಕ್ಕೆ ವಾಪಸ್ಸು ಬಾಡಿಗೆ ಸಿಕ್ಕರೆ ಖಾಲಿ ಓಟದ ದುಡ್ಡು ಉಳಿಯುತ್ತದೆ.

ಇನ್ನು ದಿನದ ಲೆಕ್ಕ, ಕಿಲೋಮೀಟರ್ ಲೆಕ್ಕ ಅಂತ ಗಲಿಬಿಲಿ ಬೇಡ. ಎರಡೂ ಒಂದರೊಳಗೊಂದು ಇರುತ್ತವೆ. ದಿನಕ್ಕೆ ಕನಿಷ್ಠ ಇಷ್ಟು ಕಿ.ಮೀ. ಅಂತ ಹಿಡಿಯುತ್ತಾರೆ. ಸಾಮಾನ್ಯವಾಗಿ 250 ಅಥವಾ 300. ಗಾಡಿ ಆಸ್ಪತ್ರೆ ಎದುರು ಸುಮ್ನೆ ನಿಂತರೂ ಅಷ್ಟರ ಬಾಡಿಗೆ ಕೊಡಲೇಬೇಕು. ಅದಕ್ಕಿಂತ ಜಾಸ್ತಿ ಓಡಿದರೆ ಓಡಿದಷ್ಟಕ್ಕೆ.

ನಿಮ್ಮದೇ ಲೆಕ್ಕ ಮಾಡೋಣ. ಬರೀ ಬಿಟ್ಟು ಬರಲು ಹೋದರೂ, ವಾಪಸ್ಸು ಬಾಡಿಗೆ ಸಿಗದ ಗಾಡಿ ಹೋಗಿ ಬರುವ 800 ಕಿ.ಮೀ. ಹಿಡಿಯುತ್ತದೆ. ಕರೆದೊಯ್ಯುವಾಗ ಒಂದು 800, ಕರೆತರುವಾಗ ಇನ್ನೊಂದು 800, ಒಟ್ಟು 1600. ಅದೇ ಗಾಡಿಯನ್ನು ಅಲ್ಲೇ ಇಟ್ಟುಕೊಂಡರೆ ದಿನಕ್ಕೆ 300ರಂತೆ ಐದು ದಿನಕ್ಕೆ 1500. ಅಂದರೆ ಐದು ದಿನದ ಒಳಗೆ ಮುಗಿಯುವ ಕೆಲಸಕ್ಕೆ ಗಾಡಿ ಇಟ್ಟುಕೊಳ್ಳುವುದು ಲಾಭ. ಹದಿನೈದು ದಿನಕ್ಕೆ ಖಂಡಿತಾ ಅಲ್ಲ, ಬಿಟ್ಟು ಕಳಿಸಿ. ವಾಪಸ್ಸು ಬರುವಾಗ ರಿಟರ್ನ್ ಗಾಡಿ ಹುಡುಕಿ. ಬೆಂಗಳೂರಿಗೆ, ವಿಮಾನ ನಿಲ್ದಾಣಕ್ಕೆ ಜನ ಬಿಡಲು ನಮ್ಮೂರಿನ ಗಾಡಿಗಳು ಹೋಗುತ್ತಲೇ ಇರುತ್ತವೆ. ಖಾಲಿ ಬರುವುದಕ್ಕಿಂತ ಕಡಿಮೆಗೆ ಕರೆತರಲು ಅವರಿಗೂ ಖುಷಿ. ಈಗ ಕರೆದೊಯ್ಯುವ ಡ್ರೈವರಿಗೇ 'ಆ ವಾರದಲ್ಲಿ ಯಾರಾದ್ರೂ ಬೆಂಗಳೂರಿಗೆ ಬರುವವರಿದ್ದರೆ ಹೇಳಿ' ಎಂದು ಮೊದಲೇ ಹೇಳಿಡಿ. ಆದರೆ ಡಿಸ್ಚಾರ್ಜ್ ಒಂದು ದಿನ ಮುಂದೆ ಹೋದರೆ ಆ ಗಾಡಿ ನಿಮಗಾಗಿ ಕಾಯುವುದಿಲ್ಲ. ಅದು ನೆನಪಿರಲಿ.

'ಎಲ್ಲಾ ಸೇರಿ' ಅನ್ನುವವರ ಹತ್ತಿರ ಟೋಲ್, ಪಾರ್ಕಿಂಗ್, ಡ್ರೈವರ್ ಬಾಟಾ (ಅವರ ಊಟ, ಕೈಖರ್ಚಿನ ದುಡ್ಡು) ಮೂರೂ ಸೇರಿದೆಯಾ ಅಂತ ಬಿಡಿಸಿ ಕೇಳಿ. ಬಾಯಿಮಾತಿನಲ್ಲಿ ಬಿಡಬೇಡಿ, ವಾಟ್ಸ್ಯಾಪ್‌ನಲ್ಲಿ ಬರೆಸಿಕೊಳ್ಳಿ. ಕಿಲೋಮೀಟರಿಗೆ ಒಂದು ರೂಪಾಯಿ ಕಡಿಮೆ ಹೇಳಿದವನೇ ಕೊನೆಗೆ ಜಾಸ್ತಿ ಬಿಲ್ ಮಾಡಿದ್ದನ್ನು ನಮ್ಮ ಮನೆಯಲ್ಲೇ ನೋಡಿದ್ದೇವೆ.

ಕುಮಟೆಯಿಂದ:
ಇಷ್ಟೆಲ್ಲಾ ಯಾಕೆ ಮಾರಾಯ್ರೇ? ನಿಮ್ಮ ಹಳ್ಳಿಯಲ್ಲಿ ಕಾರಿದ್ದವರು ಒಬ್ಬರಾದರೂ ಇರುತ್ತಾರೆ. ಬಿಳಿ ಬೋರ್ಡ್ ಆದರೇನು? ಡೀಸೆಲ್ ಹಾಕಿಸಿ, ಕೈಗೆ ಒಂದಿಷ್ಟು ಕೊಟ್ಟರೆ ಆಯಿತು. ಗುರುತಿನವರು, ಅಪ್ಪನನ್ನು ಕೈಹಿಡಿದು ಇಳಿಸುತ್ತಾರೆ.

ಸಿದ್ದಾಪುರದಿಂದ:
ಕುಮಟೆಯವರ ಮಾತು ನಮ್ಮ ಕಡೆ ನಡೆಯುವಂಥದ್ದೇ, ಸುಳ್ಳಲ್ಲ. ಆದರೆ ಖಾಸಗಿ ಕಾರಿನ ವಿಮೆ ಪಾಲಿಸಿಯಲ್ಲೇ ಬಾಡಿಗೆಗೆ ಓಡಿಸುವಂತಿಲ್ಲ ಅಂತ ಬರೆದಿರುತ್ತದೆ. ದಾರಿಯಲ್ಲಿ ಏನಾದರೂ ಆಯಿತು ಅನ್ನಿ, ಬಾಡಿಗೆ ಅಂತ ಗೊತ್ತಾದರೆ ಕಂಪನಿ ಕೈ ಎತ್ತುತ್ತದೆ. ನಿಮಗೆ ಉಪಕಾರ ಮಾಡಲು ಬಂದವನು ಸಾಲಗಾರ ಆಗುತ್ತಾನೆ. ಊರೊಳಗೆ ಹೇಗೋ ಏನೋ, 400 ಕಿ.ಮೀ. ದೂರಕ್ಕೆ ಹಳದಿ ಬೋರ್ಡೇ ಸರಿ. ಗಾಡಿ ನಂಬರ್ ಕೊಟ್ಟ ಮೇಲೆ ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ವಿಮೆ, ಫಿಟ್ನೆಸ್ ಎಲ್ಲಿಯವರೆಗೆ ಇದೆ ಅಂತ ಗೊತ್ತಾಗುತ್ತದೆ.

ಇನ್ನೊಂದು, ಯಾವ ಗಾಡಿ ಅನ್ನುವುದು. ಮೊಣಕಾಲು ಮಡಚದವರಿಗೆ ಡಿಸೈರ್, ಎಟಿಯೋಸ್ ತರಹದ್ದರಲ್ಲಿ ಸೀಟು ತೀರಾ ಕೆಳಗೆ, ಕೂರುವುದಕ್ಕಿಂತ ಏಳುವುದು ಕಷ್ಟ. ಇನ್ನೋವಾ ಆರಾಮ, ಆದರೆ ಹತ್ತಲು ಎತ್ತರ. ನನ್ನ ಅತ್ತೆಗೆ ಸರಿಹೋಗಿದ್ದು ಎರ್ಟಿಗಾದ ಮುಂದಿನ ಸೀಟು, ಪೂರ್ತಿ ಹಿಂದೆ ಸರಿಸಿ. ಆಪರೇಷನ್ ಆದ ಮೇಲೆ ಹೇಗೆ ಕೂರಬೇಕು, ಎಷ್ಟು ಹೊತ್ತಿಗೊಮ್ಮೆ ಇಳಿದು ಕಾಲಾಡಿಸಬೇಕು ಅಂತ ಡಾಕ್ಟರನ್ನೇ ಕೇಳಿ. ಅದನ್ನು ಡ್ರೈವರಿಗೂ ಹೇಳಿ.

ಅಂಕೋಲೆಯ ಡ್ರೈವರ್:
ನಾನು ಟೂರಿಸ್ಟ್ ಗಾಡಿ ಓಡಿಸುವವನು. ಬಾಡಿಗೆ ವಿಷಯ ಎಲ್ಲರೂ ಹೇಳಿದರು, ಡ್ರೈವರ್ ನಿದ್ದೆ ವಿಷಯ ಯಾರೂ ಹೇಳಲಿಲ್ಲ.

ಗಾಡಿ ಮಾತಾಡುವಾಗ 'ಹಿಂದಿನ ದಿನ ಡ್ರೈವರ್ ಎಲ್ಲಿರುತ್ತಾರೆ' ಅಂತ ಕೇಳಿ. ಮದುವೆ ಸೀಸನ್ನಿನಲ್ಲಿ, ಶಿರಸಿ ಜಾತ್ರೆ ಇರುವ ವರ್ಷದಲ್ಲಿ ಒಂದು ಬಾಡಿಗೆ ಮುಗಿಸಿ ಮುಖ ತೊಳೆದು ಇನ್ನೊಂದಕ್ಕೆ ಹೊರಡುವುದು ಇದ್ದದ್ದೇ. ಮಾಲೀಕರು ಕಳಿಸುತ್ತಾರೆ, ನಾವೂ ಬಾಟಾ ಆಸೆಗೆ ಹೋಗುತ್ತೇವೆ. 2025ರಲ್ಲಿ ಹೊಸ ಕಾರ್ಮಿಕ ಸಂಹಿತೆ ಬರುವವರೆಗೆ ಇದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆಗೊಮ್ಮೆ ಅರ್ಧ ಗಂಟೆ ವಿಶ್ರಾಂತಿ ಅಂತ ಇತ್ತು. ನಮ್ಮ ಲೈನಿನಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ನೀವಾದರೂ ಕೇಳಿ, ನಿಮ್ಮ ಅಪ್ಪ, ಆಯಿ ಆ ಗಾಡಿಯಲ್ಲಿರುತ್ತಾರೆ.

ರಾತ್ರಿ ಹೊರಡಬೇಡಿ. ಬಸ್ಸಿನ ರೂಢಿ ಇರುವವರು 'ರಾತ್ರಿ ಹತ್ತಕ್ಕೆ ಬಿಟ್ಟರೆ ಬೆಳಗಾಗುವಾಗ ಬೆಂಗಳೂರು' ಅನ್ನುತ್ತಾರೆ. ಹೆದ್ದಾರಿಯ ರಾತ್ರಿ ಬಸ್ಸಿಗೆ ಹಲವು ಕಡೆ ಇಬ್ಬರು ಡ್ರೈವರ್ ಇರುತ್ತಾರೆ, ನನ್ನ ಗಾಡಿಗೆ ನಾನೊಬ್ಬನೇ. ಬೆಳಿಗ್ಗೆ ಐದಕ್ಕೆ ಹೊರಡಿ. ಹಾವೇರಿ ತಲುಪಿದರೆ ಮುಂದೆ ದಾವಣಗೆರೆ, ಚಿತ್ರದುರ್ಗ, ತುಮಕೂರು, ಎಲ್ಲಾ ಒಳ್ಳೆಯ ರಸ್ತೆ. ಸಾಗರ, ಶಿವಮೊಗ್ಗ ದಾರಿ ನೋಡಲು ಚೆಂದ, ಆದರೆ ತಿರುವು ಜಾಸ್ತಿ. ಕಾಲುನೋವಿನವರಿಗೆ ಹಾವೇರಿಯೇ ಸರಿ. ನೆಲಮಂಗಲ ದಾಟಿದ ಮೇಲೆ ಟ್ರಾಫಿಕ್‌ನಲ್ಲಿ ಎಷ್ಟು ಹೊತ್ತು ಹೋಗುತ್ತದೆ ಅಂತ ಯಾರೂ ಹೇಳಲಾರರು. ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಅದೇ ದಿನ ಇಟ್ಟುಕೊಂಡು ನಮ್ಮನ್ನು ಓಡಿಸಬೇಡಿ.

ಬಾಟಾ ಅಂದರೆ ಊಟ ಮತ್ತು ನಮ್ಮ ಕೈಖರ್ಚು. ಬೆಂಗಳೂರಿನಲ್ಲಿ ರೂಮು ಮಾಡುವಷ್ಟು ಅದರಲ್ಲಿ ಬರುವುದಿಲ್ಲ. ಹಾಗಾಗಿ ಸೀಟು ಹಿಂದೆ ಒರಗಿಸಿ ಗಾಡಿಯಲ್ಲೇ ಮಲಗುತ್ತೇವೆ. ಸೊಳ್ಳೆ ಅಂತ ಗಾಜು ಏರಿಸಿದರೆ ಸೆಕೆ, ಇಳಿಸಿದರೆ ಸೊಳ್ಳೆ. ಮರುದಿನ ಅದೇ ಕಣ್ಣಿನಲ್ಲಿ ವಾಪಸ್ಸು. ನಿಮ್ಮ ಮನೆಯಲ್ಲಿ ಒಂದು ಚಾಪೆ, ಒಂದು ಸ್ನಾನಕ್ಕೆ ಅನುಕೂಲ ಮಾಡಿಕೊಟ್ಟರೆ ದೊಡ್ಡ ಉಪಕಾರ. ದಾರಿಯಲ್ಲಿ ಹೋಟೆಲಿನಲ್ಲಿ ನಮ್ಮನ್ನು ಬೇರೆ ಟೇಬಲ್ಲಿಗೆ ಕಳಿಸಿದರೂ ಬೇಜಾರಿಲ್ಲ. ಊಟಕ್ಕೆ ನಿಲ್ಲಿಸದೇ ಇದ್ದರೆ ಬೇಜಾರು.

ಅಡ್ವಾನ್ಸ್ ಕೇಳಿದರೆ ಅನುಮಾನ ಬೇಡ. ಆ ದುಡ್ಡು ನೇರ ಡೀಸೆಲ್ಲಿಗೆ ಹೋಗುತ್ತದೆ. ಆದರೆ ಪೂರ್ತಿ ಬಾಡಿಗೆ ಮೊದಲೇ ಕೇಳುವವರಿಗೆ ಕೊಡಬೇಡಿ. ಹೊರಡುವಾಗ ಮೀಟರಿನ ಫೋಟೋ ತೆಗೆದರೆ ಒಳ್ಳೆಯ ಡ್ರೈವರ್ ಯಾರೂ ಸಿಟ್ಟಾಗುವುದಿಲ್ಲ.

ಕಾರವಾರದಿಂದ:
ಅಕ್ಕನ ವಿಷಯಕ್ಕೆ ಬರುತ್ತೇನೆ. ಗೋವಾದಲ್ಲಿ ಈಗ ಎರಡು ವಿಮಾನ ನಿಲ್ದಾಣ. ದಾಬೋಲಿಂ ದಕ್ಷಿಣದಲ್ಲಿ, 2023ರ ಜನವರಿಯಿಂದ ವಿಮಾನ ಇಳಿಯುತ್ತಿರುವ ಮೋಪಾ ಉತ್ತರದ ತುದಿಯಲ್ಲಿ, ಮಹಾರಾಷ್ಟ್ರದ ಗಡಿ ಹತ್ತಿರ. ಟಿಕೆಟ್‌ನಲ್ಲಿ ದಾಬೋಲಿಂಗೆ ಜಿಒಐ, ಮೋಪಾಕ್ಕೆ ಜಿಒಎಕ್ಸ್ ಅಂತ ಇರುತ್ತದೆ. ಇದನ್ನು ನೋಡದೇ 'ಗೋವಾ ಏರ್‌ಪೋರ್ಟ್' ಅಂತ ಮಾತ್ರ ಹೇಳಿದರೆ ಗಾಡಿ ಒಂದು ಕಡೆ, ಅಕ್ಕ ಒಂದು ಕಡೆ. ನಮ್ಮ ಕಡೆಯ ಗಾಡಿ ಅಲ್ಲಿ ಜನ ಹತ್ತಿಸಿಕೊಂಡರೆ ಅಲ್ಲಿನ ಟ್ಯಾಕ್ಸಿಯವರ ತಕರಾರು ಬರುವುದೂ ಇದೆ. ಟಿಕೆಟ್ ಪ್ರತಿ, ಬುಕಿಂಗ್ ಮೆಸೇಜು ಡ್ರೈವರ್ ಫೋನಿನಲ್ಲಿರಲಿ. ಗಾಡಿಗೆ ಅಖಿಲ ಭಾರತ ಟೂರಿಸ್ಟ್ ಪರ್ಮಿಟ್ ಇದೆಯಾ, ಇಲ್ಲದಿದ್ದರೆ ಗೋವಾ ತೆರಿಗೆ ಯಾರ ಲೆಕ್ಕಕ್ಕೆ ಅಂತಲೂ ಕೇಳಿ. ವಾಪಸ್ಸು ಬರುವಾಗ ಮಾಜಾಳಿ ಚೆಕ್‌ಪೋಸ್ಟ್‌ನಲ್ಲಿ ಬಾಟಲಿ ಹುಡುಕುತ್ತಾರೆ, ಅದು ನಿಮಗೆ ಬೇಕಾಗಿಲ್ಲ ಬಿಡಿ.

ನಿಜ ಹೇಳಬೇಕೆಂದರೆ ಶಿರಸಿಗೆ ಹೋಗುವವರು ಗೋವಾಕ್ಕೆ ಯಾಕೆ ಬರಬೇಕು? ಹುಬ್ಬಳ್ಳಿಯಿಂದ ಶಿರಸಿ ಸುಮಾರು 100 ಕಿ.ಮೀ., ಘಟ್ಟ ಹತ್ತುವ ಕೆಲಸವಿಲ್ಲ. ಅಲ್ಲಿಗೆ ಅನುಕೂಲದ ವಿಮಾನ ಇದೆಯಾ ನೋಡಲಿ. ಗೋವಾದಿಂದ ಬಂದರೆ ಕಾರವಾರ, ಅಂಕೋಲೆ ದಾಟಿ ಘಟ್ಟ ಹತ್ತಲೇಬೇಕು. 2024ರ ಜುಲೈ 16ರಂದು ಅಂಕೋಲೆ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಎಷ್ಟೋ ದಿನ ಬಂದಾಗಿದ್ದು ಗೊತ್ತಲ್ವಾ? ಮುಂದಿನ ತಿಂಗಳೇ ಇಲ್ಲಿ ಕಾಳಿ ನದಿಯ ಹಳೇ ಸೇತುವೆಯೂ ಬಿತ್ತು. ಮಳೆಗಾಲದಲ್ಲಿ ಕುಮಟೆ, ಶಿರಸಿ ನಡುವಿನ ದೇವಿಮನೆ ಘಟ್ಟ ಬಂದ್, ಇನ್ನೊಂದು ಕಡೆಯಿಂದ ಸುತ್ತು ಹಾಕಿ ಅಂತ ಆಗುವುದು ಮಾಮೂಲು. ಸುತ್ತು ಹಾಕಿದ ಕಿಲೋಮೀಟರ್ ಯಾರದ್ದು ಅಂತ ಮೊದಲೇ ಮಾತಾಡಿ. ನನ್ನ ಪ್ರಕಾರ ಅದು ನಮ್ಮದೇ, ಡ್ರೈವರ್ ಮೇಲೆ ಹಾಕುವುದು ನ್ಯಾಯವಲ್ಲ.

ಯಲ್ಲಾಪುರದಿಂದ:
ನಿಮ್ಮದೇ ಕಾರು ಇದೆಯಾ? ಇದ್ದರೆ ನೀವೇ ಊರಿಗೆ ಒಯ್ದು, ವಾಪಸ್ಸಿಗೆ ಆ್ಯಕ್ಟಿಂಗ್ ಡ್ರೈವರ್ (ದಿನದ ಸಂಬಳಕ್ಕೆ ನಮ್ಮ ಕಾರು ಓಡಿಸಿಕೊಡುವವರು) ಮಾಡಿಕೊಳ್ಳಿ. ದಿನದ ಸಂಬಳ, ಊಟ, ವಾಪಸ್ಸು ಬಸ್ ಚಾರ್ಜು ಕೊಟ್ಟರೆ ಮುಗಿಯಿತು. ಹಿಂದೆ ಕೂತು ಅಪ್ಪನನ್ನು ನೋಡಿಕೊಳ್ಳಬಹುದು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ನನ್ನ ಹತ್ತಿರ ಕಾರಿಲ್ಲ. ಶಿರಸಿಯ ಗಾಡಿ, ಎರ್ಟಿಗಾ, ಬೆಳಿಗ್ಗೆ ಐದಕ್ಕೆ ಅಂತ ಮಾತಾಡಿದೆ. ಆಪರೇಷನ್ನಿಗೆ ಎರಡು ದಿನ ಮೊದಲೇ ಬರುತ್ತಾರೆ. ಡ್ರೈವರ್ ಅಂದು ರಾತ್ರಿ ನಮ್ಮಲ್ಲೇ ಮಲಗಿ ಮರುದಿನ ಹೋಗುತ್ತಾರೆ. ಅಕ್ಕ ಹುಬ್ಬಳ್ಳಿ ವಿಮಾನ ನೋಡುತ್ತಿದ್ದಾಳೆ. ಒಂದು ಅನುಮಾನ, ಮರುದಿನ ಖಾಲಿ ಹೋಗುವುದಕ್ಕೂ ಒಂದು ದಿನದ ಬಾಟಾ ಕೊಡಬೇಕಾ?

ಶಿರಸಿ ಪೇಟೆಯಿಂದ:
ಹೌದು, ಎರಡು ದಿನದ ಬಾಟಾ. ಕಿಲೋಮೀಟರ್ ಮಾತ್ರ 800ರ ಮೇಲೆ ಹೋಗಬಾರದು, ಎರಡು ದಿನಕ್ಕೆ ಕನಿಷ್ಠ 600 ಅಂತ ಹಿಡಿದರೂ ನೀವು ಅದನ್ನು ದಾಟಿದ್ದೀರಿ. ಹಳ್ಳಿಯಿಂದ ಪೇಟೆಗೆ ಬರುವ ದೂರ ಅದರ ಮೇಲೆ. ಮತ್ತೆ ಕೆಲವರು ರಾತ್ರಿ ಹನ್ನೆರಡಕ್ಕೆ ದಿನ ಬದಲಾಯಿತು ಅನ್ನುತ್ತಾರೆ, ಕೆಲವರು ಹೊರಟ ಹೊತ್ತಿನಿಂದ 24 ಗಂಟೆ. ಇವರದ್ದು ಯಾವುದು ಅಂತ ಇವತ್ತೇ ಕೇಳಿಬಿಡಿ.