ಪದಚರ್ಚೆ: ಕಾಂಕ್ರೀಟಿನ ‘ಕ್ಯೂರಿಂಗ್’ ಅಂದರೆ ನೀರುಣಿಸುವುದಷ್ಟೇ?

ಪ್ರಶ್ನೆ: ಇಂಗಾಲದ ಹೊರೆ ತಗ್ಗಿಸುವ ಕಾಂಕ್ರೀಟ್ ಕುರಿತ ಕೈಪಿಡಿ ಸಿದ್ಧವಾಗುತ್ತಿದೆ. ಮೇಸ್ತ್ರಿಗಳೂ ಸೈಟ್ ಎಂಜಿನಿಯರುಗಳೂ ಓದುವಂಥದ್ದು. ಸೆಟ್ಟಿಂಗ್, ಹಾರ್ಡನಿಂಗ್, ಕ್ಯೂರಿಂಗ್ ಮೂರಕ್ಕೂ ಕರಡಿನಲ್ಲಿ ಅಲ್ಲಲ್ಲಿ ‘ಒಣಗುವುದು’ ಎಂದೇ ಬಂದಿದೆ. ಕ್ಯೂರಿಂಗ್‌ಗೆ ‘ನೀರುಣಿಸುವಿಕೆ’ ಎನ್ನೋಣವೆಂದರೆ ಚಳಿ ಪ್ರದೇಶದ ಅಧ್ಯಾಯಕ್ಕೆ ಅದು ಒಗ್ಗುತ್ತಿಲ್ಲ. ತಿಳಿದವರು ಹೇಳಿ.

ಉತ್ತರ 1: ದಯವಿಟ್ಟು ‘ಒಣಗುವುದು’ ಎಂಬುದನ್ನು ಮೊದಲು ತೆಗೆದುಹಾಕಿ. ಮಣ್ಣಿನ ಗೋಡೆ ಒಣಗಿ ಗಟ್ಟಿಯಾಗುತ್ತದೆ. ಕಾಂಕ್ರೀಟಿನಲ್ಲಿ ಸಿಮೆಂಟು ನೀರಿನೊಡನೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುತ್ತದೆ. ಒಳಗಿನ ಸಾಪೇಕ್ಷ ಆರ್ದ್ರತೆ ಶೇ 80ಕ್ಕಿಂತ ಇಳಿದರೆ ಆ ಕ್ರಿಯೆ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ‘ಒಣಗಲು ಬಿಡಿ’ ಎಂದು ಓದಿದ ಮೇಸ್ತ್ರಿ ನೀರು ನಿಲ್ಲಿಸುತ್ತಾರೆ, ಮೇಲ್ಪದರ ಉಜ್ಜಿದರೆ ಪುಡಿ ಉದುರುತ್ತದೆ.

ಸೆಟ್ಟಿಂಗ್‌ಗೆ ‘ಬಿಗಿಯುವುದು’ ಸರಿ. ಇದು ಕೆಲವು ಗಂಟೆಗಳ ಮಾತು. ಸಿಮೆಂಟಿನ ಮಾನಕಗಳೂ ಆರಂಭಕ್ಕೆ ಕನಿಷ್ಠ 30 ನಿಮಿಷ, ಅಂತ್ಯಕ್ಕೆ ಗರಿಷ್ಠ 600 ನಿಮಿಷ ಎನ್ನುತ್ತವೆ. ಹಾರ್ಡನಿಂಗ್‌ಗೆ ‘ಬಲಿಯುವುದು’ ನನಗೆ ತುಂಬ ಹಿಡಿಸಿದ ಪದ: ವಾರ, ತಿಂಗಳುಗಟ್ಟಲೆ ನಡೆಯುವ ಕ್ರಿಯೆ ಅದರಲ್ಲೇ ಕೇಳಿಸುತ್ತದೆ. ಕ್ಯೂರಿಂಗ್‌ಗೆ ‘ಆರೈಕೆ’ ಎನ್ನಿ. ಬಲಿಯುವುದಕ್ಕೆ ತೇವವೂ ಬೇಕು, ಬಿಸುಪೂ ಬೇಕು; ಅವೆರಡನ್ನೂ ಕಾಯುವುದೇ ಕ್ಯೂರಿಂಗ್. ಯಾವುದಕ್ಕೆ ಕೊರತೆ ಎಂಬುದನ್ನು ಹವೆಯೇ ಹೇಳುತ್ತದೆ.

ಬಿಸಿಲು, ಒಣಗಾಳಿ ಇರುವೆಡೆ ಕೊರತೆ ತೇವದ್ದು. ಚದರ ಮೀಟರಿಗೆ ಗಂಟೆಗೆ ಸುಮಾರು 1 ಕಿಲೋ ನೀರು ಆವಿಯಾಗತೊಡಗಿದರೆ ಸ್ಲ್ಯಾಬು ಬಿಗಿಯುವ ಮುಂಚೆಯೇ ಬಿರುಕು ಬಿಡುವ ಭಯ. ಆದ್ದರಿಂದ ಫಿನಿಶಿಂಗ್ ಆಗುತ್ತಿದ್ದಂತೆ ಮಂಜಿನಂತೆ ನೀರು ಸಿಂಪಡಿಸಬೇಕು. ಹೆಬ್ಬೆರಳು ಒತ್ತಿದರೆ ಗುರುತು ಮೂಡದಷ್ಟು ಬಿಗಿದ ಮೇಲೆ ಒದ್ದೆ ಗೋಣಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ಇಲ್ಲವೇ ಗಾರೆಯ ಬದು ಕಟ್ಟಿ 25ರಿಂದ 50 ಮಿಮೀ ನೀರು ನಿಲ್ಲಿಸಬೇಕು. ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಪೈಪಿನಲ್ಲಿ ನೀರು ಹೊಡೆದು ನಡುವೆ ಒಣಗಗೊಟ್ಟರೆ ಮೇಲ್ಮೈ ಹಿಗ್ಗಿ ಕುಗ್ಗಿ ಬಿರಿಯುತ್ತದೆ. ಕಾಂಕ್ರೀಟಿಗಿಂತ 11 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ತಣ್ಣಗಿನ ನೀರೂ ಬೇಡ.

ಹಾರುಬೂದಿ, ಅಂದರೆ ಕಲ್ಲಿದ್ದಲು ಉರಿದಾಗ ಬರುವ ನುಣ್ಣನೆಯ ಬೂದಿ, ಬೆರೆಸಿದ ಸಿಮೆಂಟಿನಲ್ಲಿ (ಪಿಪಿಸಿ) ಈ ಆರೈಕೆ ಇನ್ನೂ ಮುಖ್ಯ. ಅದರಲ್ಲಿ ಶೇ 15ರಿಂದ 35ರಷ್ಟು ಹಾರುಬೂದಿ ಇರುತ್ತದೆ. ಸುಣ್ಣಕಲ್ಲು ಸುಟ್ಟು ಮಾಡುವ ಕ್ಲಿಂಕರ್ ಅಷ್ಟು ಕಡಿಮೆಯಾಗುವುದರಿಂದಲೇ ಇಂಗಾಲದ ಹೊರೆ ತಗ್ಗುವುದು. ಬೂದಿಯಾದರೋ ಸಿಮೆಂಟು ಬಿಟ್ಟುಕೊಟ್ಟ ಸುಣ್ಣದ ಜೊತೆ ನಿಧಾನವಾಗಿ ಕೂಡುತ್ತದೆ. ತೇವ ಬೇಗ ಆರಿದರೆ ಬಹುಪಾಲು ಬೂದಿ ಬರೀ ಪುಡಿಯಾಗಿ ಉಳಿಯುತ್ತದೆ, ಉಳಿತಾಯ ದುರಸ್ತಿಯಲ್ಲಿ ಕರಗುತ್ತದೆ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ ಅಥವಾ ಬಿಸಿ ಒಣಹವೆಗೆ 10 ದಿನ. ಮಿಶ್ರ ಸಿಮೆಂಟಾದರೆ 14ಕ್ಕೆ ಏರಿಸುವುದು ಒಳ್ಳೆಯದೆಂಬ ಸಲಹೆಯೂ ಇದೆ. ಕೈಪಿಡಿಯಲ್ಲಿ 14 ಎಂದೇ ಬರೆಯಿರಿ.

ಚಳಿ ಪ್ರದೇಶದಲ್ಲಿ ನೀರು ಕಟ್ಟಿದರೆ ಕೆಡುಕೇ ಹೆಚ್ಚು. ಬಲ 3.5 ಮೆಗಾಪಾಸ್ಕಲ್ ಮುಟ್ಟುವ ಮೊದಲು ಒಳಗಿನ ನೀರು ಹೆಪ್ಪುಗಟ್ಟಿದರೆ ಅದು ಶೇ 9ರಷ್ಟು ಹಿಗ್ಗಿ ಎಳೆಯ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಅಲ್ಲಿ ಕ್ಯೂರಿಂಗ್ ಎಂದರೆ ಶಾಖ ಸೋರದಂತೆ ದಪ್ಪ ಹೊದಿಕೆ ಹಾಕುವುದು, ಸೆಂಟ್ರಿಂಗ್ ಬಿಚ್ಚುವುದನ್ನು ತಡಮಾಡುವುದು.

ಉತ್ತರ 2: ‘ಬಲಿಯುವುದು’ ಒಪ್ಪಿದೆ. ಆದರೆ ಸೈಟಿನಲ್ಲಿ ‘ಆರೈಕೆ’ ಎಂದರೆ ಯಾರಿಗೂ ತಿಳಿಯದು. ‘ಕ್ಯೂರಿಂಗ್’ ಎಂದೇ ಉಳಿಸಿ. ಮೊದಲ ಸಲ ಬಂದಾಗ ‘ತೇವ, ಬಿಸುಪು ಕಾಯುವ ಆರೈಕೆ’ ಎಂದು ಬಿಡಿಸಿ ಹೇಳಿದರೆ ಸಾಕು.

ಇನ್ನೊಂದು ಪದವನ್ನೂ ನೋಡಿಕೊಳ್ಳಿ. ಮೇಲಿನ ಉತ್ತರದಲ್ಲಿ ‘ಹೊದಿಕೆ’ ಎಂಬುದು ಶಾಖ ಕಾಯುವ ಹಾಸು ಎಂಬ ಅರ್ಥದಲ್ಲಿ ಬಂದಿದೆ. ಕರಾವಳಿಯ ಅಧ್ಯಾಯದಲ್ಲಿ ಕಂಬಿಯ ಹೊರಗಿನ ‘ಕವರ್’ಗೂ, ಅಂದರೆ ಕಂಬಿಯನ್ನು ಮುಚ್ಚುವ ಕಾಂಕ್ರೀಟ್ ಪದರಕ್ಕೂ, ಅದೇ ಪದ ಬಳಸಿದರೆ ಅನಾಹುತ. ಅಲ್ಲಿ ಉಪ್ಪಿನ ಕ್ಲೋರೈಡು ಒಳಗಿಳಿದು ಕಂಬಿಗೆ ತುಕ್ಕು ಹಿಡಿಸದಂತೆ ತಡೆಯುವುದು ಆ ಪದರವೇ: ಕರಾವಳಿಯ ಹವೆಗೆ ತೆರೆದಿದ್ದರೆ 45 ಮಿಮೀ, ಅಲೆಯ ಹನಿ ಸಿಡಿಯುವೆಡೆ 50 ಮಿಮೀ. ಅದನ್ನು ‘ಕವರ್’ ಎಂದೇ ಬರೆಯಿರಿ. ಆ ಅಂತರ ಕಾಯಲು ಕಂಬಿಗೆ ಆನಿಸುವ ‘ಕವರ್ ಬ್ಲಾಕ್’ ಎಲ್ಲರ ಬಾಯಲ್ಲೂ ಇದೆ. ಅದೇ ಅಧ್ಯಾಯದಲ್ಲಿ ಬರೀ ‘ನೀರು’ ಎನ್ನದೆ ‘ಸಿಹಿನೀರು’ ಎನ್ನಿ. ಕಂಬಿ ಇರುವ ಕಾಂಕ್ರೀಟಿಗೆ ಬೆರೆಸುವ ನೀರಿನಲ್ಲಿ ಕ್ಲೋರೈಡು ಲೀಟರಿಗೆ 500 ಮಿಲಿಗ್ರಾಂ ದಾಟಬಾರದು, ಕ್ಯೂರಿಂಗ್‌ಗೂ ಸಮುದ್ರದ ನೀರು ಸಲ್ಲದು.