ಚೊಂಟಾ ಮರಿಂಬಾ ನನ್ನ ಹಾರ್ಮೋನಿಯಂಗೆ ಯಾಕೆ ಹೊಂದುತ್ತಿಲ್ಲ?

ಹಾರ್ಮೋನಿಯಂ ರಾಯ:
ಕೊಲಂಬಿಯಾದ ಪೆಸಿಫಿಕ್ ಕರಾವಳಿಯ ಮರಿಂಬಾ (ಮರದ ಪಟ್ಟಿಗಳನ್ನು ಕೋಲಿನಿಂದ ಬಾರಿಸುವ ವಾದ್ಯ) ಹಾಡುಗಳನ್ನು ಹದಿನೈದು ದಿನದಿಂದ ಕೇಳುತ್ತಿದ್ದೇನೆ. ಕೆಲವು ಹಳೆಯ ಹಾಡುಗಳನ್ನು ಹಾರ್ಮೋನಿಯಂನಲ್ಲಿ ಹಿಡಿಯಲು ಕೂತೆ. ಸ ಸರಿಹೋಗುತ್ತದೆ, ಪ ಹತ್ತಿರ ಬರುತ್ತದೆ. ಗ ಮಾತ್ರ ಎರಡು ಮನೆಗಳ ನಡುವೆ ಎಲ್ಲೋ ನಿಲ್ಲುತ್ತದೆ. ವಾದ್ಯದ ಶ್ರುತಿ ತಪ್ಪಿದೆಯಾ, ಇಲ್ಲ ಲೆಕ್ಕವೇ ಬೇರೆಯಾ? ಇನ್ನೊಂದು ವಿಷಯ. ಹಾಡುವ ಹೆಂಗಸರು ಬರೀ ಸೊಲ್ಲು ಹಿಡಿಯುವವರಾ?

ಸುಮಾ:
ರಾಯರೇ, ಶ್ರುತಿ ತಪ್ಪಿಲ್ಲ. ಹಳೆಯ ಮರಿಂಬಾಗಳಲ್ಲಿ ಸ ಇಂದ ಮೇಲಿನ ಸ ತನಕ ಏಳು ಮೆಟ್ಟಿಲು, ಏಳೂ ಹೆಚ್ಚುಕಡಿಮೆ ಒಂದೇ ಎತ್ತರ. ಹಾಗಾಗಿ ಗ ಕೋಮಲವೂ ಅಲ್ಲ, ಶುದ್ಧವೂ ಅಲ್ಲ. ಚೊಂಟಾ ಎನ್ನುವ ತಾಳೆ ಜಾತಿಯ ಮರದ ಪಟ್ಟಿ, ಅದರ ಕೆಳಗೆ ಬಿದಿರಿನ ಕೊಳವೆ. ಪಟ್ಟಿಯ ನಡುಭಾಗವನ್ನು ಅಡಿಯಿಂದ ಕೆತ್ತಿದರೆ ಸ್ವರ ಇಳಿಯುತ್ತದೆ, ತುದಿ ಕೆತ್ತಿದರೆ ಏರುತ್ತದೆ. ಮಾಡುವವರು ಕಿವಿಯಲ್ಲೇ ಕೂಡಿಸುತ್ತಿದ್ದರು. ಈಗ ಗಿಟಾರ್, ಕೀಬೋರ್ಡ್ ಜೊತೆ ನುಡಿಸಬೇಕಲ್ವಾ, ಅದಕ್ಕೆ ಹೊಸ ಮರಿಂಬಾಗಳು ಜಾಸ್ತಿ ಪಿಯಾನೋ ಶ್ರುತಿಗೆ ಬಂದಿವೆ. ನನಗೆ ಹಳೆಯದೇ ಇಷ್ಟ.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ಯಜಮಾನರ ಕೆಲಸದ ಮೇಲೆ ಮೂರು ವರ್ಷ ಕೊಲಂಬಿಯಾದ ಕಾಲಿ ನಗರದಲ್ಲಿದ್ದೆವು. ಪಕ್ಕದ ಮನೆಯಲ್ಲಿ ಈ ಕರಾವಳಿಯ ಗ್ವಾಪಿ ಊರಿನ ಅಜ್ಜಿಯೊಬ್ಬರಿದ್ದರು. ಅವರೂ ಕಾಂತಾದೋರಾ, ಅಂದರೆ ಹಾಡುಗಾರ್ತಿ. ನನ್ನ ಕೈಗೆ ಗ್ವಾಸಾ ಕೊಟ್ಟರು. ಮೊಳದುದ್ದದ ಬಿದಿರು, ಒಳಗೆ ಬೀಜ, ಅಡ್ಡಡ್ಡ ಚುಚ್ಚಿದ ಮರದ ಮೊಳೆಗಳು. ನಾನು ಮಗುವಿನ ಗಿಲಕಿಯಂತೆ ಅಲ್ಲಾಡಿಸಿದೆ. ಅವರು ನನ್ನ ಎರಡೂ ಮಣಿಕಟ್ಟು ಹಿಡಿದು ನಿಲ್ಲಿಸಿದರು. ಕೊಳವೆಯನ್ನು ಅಡ್ಡ ಹಿಡಿಸಿ ಮುಂದಕ್ಕೆ ತಳ್ಳಿಸಿದರು. ಬೀಜವೆಲ್ಲ ಒಟ್ಟಿಗೆ ಬಿದ್ದು ಒಂದೇ ಸದ್ದು ಬರಬೇಕು. ನನಗೆ ಅದು ಬರಲು ಎರಡು ತಿಂಗಳು ಹಿಡಿಯಿತು.

ಸಂಪ್ರದಾಯದಲ್ಲಿ ಮರಿಂಬಾ ಮತ್ತು ಬೊಂಬೋ, ಕುನುನೋ ಎಂಬ ಡೋಲುಗಳು ಗಂಡಸರವು. ಗ್ವಾಸಾ ಮತ್ತು ಹಾಡು ಹೆಂಗಸರವು. ಒಬ್ಬಳು ಎತ್ತಿಕೊಡುತ್ತಾಳೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಆ ಸೊಲ್ಲು ಸುಮ್ನೆ ತುಂಬಿಸುವ ದನಿ ಅಲ್ಲ, ಹಾಡನ್ನು ಹೊತ್ತು ನಡೆಸುವುದೇ ಅದು. ಮರಿಂಬಾ ಇಲ್ಲದೆಯೂ ಅವರ ಹಾಡು ನಡೆಯುತ್ತದೆ. ದೇವರಿಗೆ ಹಾಡುವ ಅರ್ರುಯೋಗೆ ಡೋಲು, ಗ್ವಾಸಾ ಇದ್ದರೆ ಸಾಕು. ಡಿಸೆಂಬರ್ 7ಕ್ಕೆ ಗ್ವಾಪಿ ನದಿಯಲ್ಲಿ ದೀಪ ಹಚ್ಚಿದ ತೆಪ್ಪಗಳು ಬರುವಾಗ ಹಾಡುವುದೂ ಇದನ್ನೇ. ಚಿಕ್ಕ ಮಗು ತೀರಿಕೊಂಡರೆ ಚಿಗ್ವಾಲೋ. ಮಗು ನೇರ ಸ್ವರ್ಗಕ್ಕೆ ಹೋಗುತ್ತದೆಂಬ ನಂಬಿಕೆ, ಹಾಗಾಗಿ ರಾತ್ರಿಯಿಡೀ ಡೋಲು, ಹಾಡು, ಆಟ.

ಇತಿಹಾಸದ ಹುಚ್ಚು:
ಸುಮಾ ಅವರ ಮಾತಿಗೆ ಒಂದಿಷ್ಟು ಸೇರಿಸುತ್ತೇನೆ. ಈ ಕರಾವಳಿಯ ಜನರ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ತಂದು ಈ ನದಿಗಳ ಚಿನ್ನದ ಗಣಿಗಳಲ್ಲಿ ದುಡಿಸಿದರು. ಕೊಲಂಬಿಯಾದಲ್ಲಿ ಗುಲಾಮಗಿರಿ ರದ್ದಾಗುವ ಕಾನೂನು ಬಂದಿದ್ದು 1851ರಲ್ಲಿ. ಯುನೆಸ್ಕೋ ಪಟ್ಟಿಗೆ ಈ ಸಂಗೀತ ಸೇರಿದ್ದು 2010ರಲ್ಲಿ. 2015ರಲ್ಲಿ ಪಕ್ಕದ ಈಕ್ವೆಡಾರ್‌ನ ಎಸ್ಮೆರಾಲ್ಡಾಸ್ ಪ್ರಾಂತ್ಯದ ಸಂಗೀತ ಕೂಡ ಸೇರಿತು. ಕಾಲಿಯಲ್ಲಿ ಈ ಕರಾವಳಿಯ ಸಂಗೀತದ ಪೆಟ್ರೋನಿಯೋ ಆಲ್ವಾರೆಸ್ ಉತ್ಸವ 1990ರ ದಶಕದಿಂದ ನಡೆಯುತ್ತಿದೆ.

ಹಾರ್ಮೋನಿಯಂ ರಾಯ:
ಸುಮಾ ಅವರೇ, ತುಂಬಾ ಥ್ಯಾಂಕ್ಸ್. ದೊಡ್ಡವರು ತೀರಿಕೊಂಡರೆ ಏನು ಹಾಡುತ್ತಾರೆ?

ಸುಮಾ:
ಅಲಬಾವೋ. ವಾದ್ಯ ಒಂದೂ ಇಲ್ಲ, ಬರೀ ಗಂಟಲು. ಒಂಬತ್ತನೆಯ ರಾತ್ರಿಯ ತನಕ ಹಾಡುತ್ತಾರೆ. ಮರಿಂಬಾ ಸೀಮೆಗಿಂತ ಉತ್ತರಕ್ಕೆ, ಚೊಕೋ ಪ್ರಾಂತ್ಯದಲ್ಲೂ ಇದು ಇದೆ. ಅಲ್ಲಿನ ಬೊಹಯಾದ ಚರ್ಚಿನಲ್ಲಿ ಆಶ್ರಯ ಪಡೆದಿದ್ದ ಜನ 2002ರ ಮೇ 2ರಂದು ಫಾರ್ಕ್ ಎಂಬ ಬಂಡುಕೋರ ಪಡೆಯ ಬಾಂಬಿಗೆ ಬಲಿಯಾದರು. 2016ರ ಸೆಪ್ಟೆಂಬರ್ 26ರಂದು ಕಾರ್ತಹೇನಾದಲ್ಲಿ ಸರ್ಕಾರ ಮತ್ತು ಫಾರ್ಕ್ ಶಾಂತಿ ಒಪ್ಪಂದಕ್ಕೆ ಸಹಿ ಹಾಕುವಾಗ ಆ ಸೀಮೆಯ ಹೆಂಗಸರು ನಿಂತು ಅಲಬಾವೋ ಹಾಡಿದರು. ಅದರ ವಿಡಿಯೋ ಸಿಗುತ್ತದೆ. ಹಾರ್ಮೋನಿಯಂ ಪಕ್ಕಕ್ಕಿಟ್ಟು ಒಮ್ಮೆ ನೋಡಿ.